ಋತುಬಂಧಕಾಲದ ತೊಂದರೆಗಳೂ ಮೂಲಿಕೆಯ ಔಷಧಗಳೂ

ಸ್ತ್ರೀಯ ಜೀವಿತದಲ್ಲಿ ಶರೀರವು ಎರಡು ಸಲ ದೊಡ್ಡ ಮಾರ್ಪಾಟನ್ನು ಹೊಂದುತ್ತದೆ. ಹುಡುಗಿಯು ಋತುಮತಿಯಾಗುವುದು ಮೊದಲನೆಯದು. ಮುಟ್ಟು ನಿಂತುಹೋಗುವುದು ಎರಡನೆಯದು. ಮೊದಲನೆಯದನ್ನು ಕುರಿತು ತಾಯಿಯು ಮಗಳಿಗೆ ನಾಲ್ಕು ಮಾತನ್ನಾದರೂ ಹೇಳುವಳು. ಎರಡನೆಯದನ್ನು ಕುರಿತು ಹೇಳುವವರೂ ಕಡಮೆ, ಕೇಳುವವರೂ ಕಡಮೆ. ಹೈಸ್ಕೂಲಿನಲ್ಲಿ ಓದುವ ಹುಡುಗಿಯರ ತಾಯಂದಿರು ಬಹುಮಟ್ಟಿಗೆ ನಲವತ್ತರ ಆಚೀಚೆಯ ವಯಸ್ಸಿನವರು. ಆದುದರಿಂದ ಒಂದೇ ಮನೆಯಲ್ಲಿ ಮಗಳ ಮಾರ್ಪಾಟೂ ತಾಯಿಯ ಮಾರ್ಪಾಟೂ ಎಷ್ಟೋ ವೇಳೆ ಒಟ್ಟಿಗೆ ನಡೆಯುತ್ತಿರುವುವು. ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಅನೇಕರು ಈ ವಯಸ್ಸನ್ನು ಮುಟ್ಟಿರುವರು. ಹೀಗಿರಲಾಗಿ, ಈ ವಿಷಯವನ್ನು ಸಂಕೋಚವಿಲ್ಲದೆ ನಾಲ್ಕು ಪುಟಗಳಲ್ಲಿ ವಿವರಿಸುವುದು ಅನುಚಿತವಾಗಲಾರದೆಂದು ನಂಬಿದ್ದೇವೆ.

ಮುಖ್ಯವಾಗಿ ಒಂದು ಪ್ರಶ್ನೆಯನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇವೆ. ಶಿವಮೊಗ್ಗೆಯ ಗಾಂಧಿಬಜಾರಿಗಾಗಲಿ ಭದ್ರಾವತಿಯ ಪೇಟೆಗಾಗಲಿ ಹೋದರೆ, ಗ್ರಂಧಿಗೆ ಅಂಗಡಿಯಲ್ಲಿ ಬೇರು ತೊಗಟೆಗಳೂ, ಔಷಧದ ಅಂಗಡಿಯಲ್ಲಿ ಅವುಗಳ ಸತ್ತ್ವವನ್ನು ತುಂಬಿದ ಗುಳಿಗೆಗಳೂ ದೊರೆಯುವುವು. ಈ ಬಗೆಯ ಪದಾರ್ಥಗಳ ಮೇಲೆ “ಸಸ್ಯಜನ್ಯ”, “ಸ್ವಾಭಾವಿಕ”, “ದುಷ್ಪರಿಣಾಮವಿಲ್ಲದ್ದು” ಎಂಬ ಮಾತುಗಳು ಅಚ್ಚಾಗಿರುವುದನ್ನು ಎಲ್ಲರೂ ಕಂಡಿರುವರು. ಮುಟ್ಟು ನಿಲ್ಲುವ ಕಾಲದ ತೊಂದರೆಗಳಿಗೆ ಇವು ನಿಜವಾಗಿಯೂ ಪರಿಹಾರವನ್ನು ಕೊಡುವುವೆ? ಕೊಡುವುದಾದರೆ ಎಷ್ಟು? ಇವುಗಳಿಂದ ಕೇಡಿಲ್ಲವೆಂಬುದು ದಿಟವೆ?

ಋತುಬಂಧವೆಂದರೇನು?

ಋತುಬಂಧವು ರೋಗವಲ್ಲ. ನಮ್ಮ ಹಿಂದಿನವರೂ ಅದನ್ನು ರೋಗವೆಂದು ಎಣಿಸಲಿಲ್ಲ. ರಜಸ್ಸು ಹನ್ನೆರಡನೆಯ ವರ್ಷದಲ್ಲಿ ತೊಡಗಿ ಐವತ್ತನೆಯ ವರ್ಷದಲ್ಲಿ ಕ್ಷಯಿಸುವುದೆಂದು ಸುಶ್ರುತಸಂಹಿತೆಯು ಹೇಳುವುದು. ಸತತವಾಗಿ ೧೨ ತಿಂಗಳು ಮುಟ್ಟಾಗದೆ ಇದ್ದರೆ ಋತುಬಂಧವಾಯಿತೆಂದು ಇಂದಿನ ವೈದ್ಯರು ತೀರ್ಮಾನಿಸುವರು. ಪಾಶ್ಚಾತ್ಯ ದೇಶಗಳಲ್ಲಿ ಇದು ಸರಾಸರಿ ೫೧ನೆಯ ವಯಸ್ಸಿಗೂ, ಭಾರತದಲ್ಲಿ ಅದಕ್ಕಿಂತ ಮುಂಚೆ, ಸುಮಾರು ೪೬–೪೭ನೆಯ ವಯಸ್ಸಿಗೂ ಆಗುವುದು. ಇದಕ್ಕೆ ಕೆಲವು ವರ್ಷ ಮೊದಲೇ ಮುಟ್ಟಿನ ಕ್ರಮವು ತಪ್ಪತೊಡಗುವುದು.

ಅಂಡಾಶಯಗಳು ಈಸ್ಟ್ರೋಜನ್ ಎಂಬ ಹಾರ್ಮೋನನ್ನು ಸ್ರವಿಸುವುದು ಕಡಮೆಯಾಗುವುದೇ ಇದಕ್ಕೆಲ್ಲ ಕಾರಣ. ಮೆದುಳಿನ ಬುಡದಲ್ಲಿರುವ ಹೈಪೋಥಲಾಮಸ್ ಎಂಬ ಭಾಗವು ಶರೀರದ ಉಷ್ಣವನ್ನು ಒಂದೇ ಮಟ್ಟದಲ್ಲಿ ಕಾಯ್ದುಕೊಳ್ಳುವುದು. ಈಸ್ಟ್ರೋಜನ್ ತಗ್ಗಿದಾಗ ಅಲ್ಲಿಯ ಕೆಲವು ನರಕಣಗಳು ಮಿತಿಮೀರಿ ಚುರುಕಾಗಿ, ಅತ್ಯಲ್ಪವಾದ ಕಾವನ್ನೂ ದೊಡ್ಡ ಸೆಕೆಯೆಂದು ಭ್ರಮಿಸುವುವು. ಕೂಡಲೇ ಚರ್ಮದ ರಕ್ತನಾಳಗಳು ಹಿಗ್ಗಿ, ಎದೆಯಿಂದ ಮುಖದವರೆಗೆ ಕಾವೇರಿ, ಬೆವರು ಸುರಿದು, ಅನಂತರ ಚಳಿಯಾಗುವುದು. ಇದು ಸಾಮಾನ್ಯವಾಗಿ ಒಂದರಿಂದ ಐದು ನಿಮಿಷ ಇರುವುದು. ರಾತ್ರಿ ಬಂದರೆ ನಿದ್ರೆ ಕೆಡುವುದು. ನಿದ್ರೆ ಕೆಟ್ಟ ಮೇಲೆ ಸಿಡುಕು, ಮರೆವು, ಬೇಸರಗಳು ಹಿಂದೆಯೇ ಬರುವುವು. ಇದಲ್ಲದೆ ಜನನಾಂಗವು ಒಣಗುವುದೂ, ಮೂತ್ರದಲ್ಲಿ ಉರಿಯಾಗುವುದೂ, ಮೂಳೆಗಳು ಮೆಲ್ಲಮೆಲ್ಲನೆ ಸವೆಯುವುದೂ ಉಂಟು. ಅಮೆರಿಕದಲ್ಲಿ ಅನೇಕ ವರ್ಷ ನಡೆದು ೨೦೧೫ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಿಂದ, ಪದೇಪದೇ ಕಾವೇರುವ ತೊಂದರೆಯಿದ್ದವರಲ್ಲಿ ಅದು ಮಧ್ಯಮ ಲೆಕ್ಕದಲ್ಲಿ ೭.೪ ವರ್ಷ ಇರುವುದೆಂದು ತಿಳಿದುಬಂದಿತು. ಆದಕಾರಣ “ಇನ್ನೆರಡು ತಿಂಗಳು ಸಹಿಸಿಕೊ” ಎನ್ನುವುದು ಸರಿಯಾದ ಸಮಾಧಾನವಲ್ಲ.

ಸಸ್ಯಗಳಲ್ಲಿ ಹಾರ್ಮೋನಿನ ಗುಣವುಂಟೆ?

ಉಂಟು; ಇದು ಬರಿಯ ಕಟ್ಟುಕತೆಯಲ್ಲ. ಪಶ್ಚಿಮ ಆಸ್ಟ್ರೇಲಿಯದಲ್ಲಿ ಒಂದು ಜಾತಿಯ ಕ್ಲೋವರ್ ಹುಲ್ಲನ್ನು ಮೇಯ್ದ ಕುರಿಗಳು ಗಬ್ಬವಾಗದೆ ಹೋದುವೆಂಬ ಸಂಗತಿಯು ೧೯೪೬ರಲ್ಲಿ ಪ್ರಕಟವಾಯಿತು. ಆ ಹುಲ್ಲಿನಲ್ಲಿ ಈಸ್ಟ್ರೋಜನ್ನಿನಂತೆ ವರ್ತಿಸುವ ವಸ್ತುಗಳಿರುವುದೇ ಕಾರಣವೆಂದು ಗೊತ್ತಾಯಿತು. ಅದೇ ಕುಲದ ವಸ್ತುಗಳು ಸೋಯಾ ಅವರೆಯಲ್ಲಿ ಹೆಚ್ಚಾಗಿರುವುವು. ಅವಕ್ಕೆ ಐಸೋಫ್ಲೇವೋನ್ ಎಂದು ಹೆಸರು. ಅಗಸೆ ಬೀಜದಲ್ಲಿ ಲಿಗ್ನಾನ್ ಎಂಬ ಇನ್ನೊಂದು ಬಗೆಯದುಂಟು. ಇವುಗಳ ಬಲವು ಶರೀರದ ಸ್ವಂತ ಈಸ್ಟ್ರೋಜನ್ನಿಗಿಂತ ಬಹಳ ಕಡಮೆ. ಅಲ್ಲದೆ, ಸೋಯಾದ ಒಂದು ಅಂಶವನ್ನು ಈಕ್ವಾಲ್ ಎಂಬ ಹೆಚ್ಚು ಬಲವುಳ್ಳ ವಸ್ತುವನ್ನಾಗಿ ಮಾರ್ಪಡಿಸುವುದು ಕರುಳಿನ ಸೂಕ್ಷ್ಮಜೀವಿಗಳ ಕೆಲಸ. ಜಪಾನಿನಲ್ಲಿ ಅರ್ಧದಷ್ಟು ಜನರ ಕರುಳಿನಲ್ಲಿ ಮಾತ್ರ ಇದು ನಡೆಯುವುದು. ಪಾಶ್ಚಾತ್ಯರಲ್ಲಿ ನೂರಕ್ಕೆ ೨೫–೩೦ ಮಂದಿಯಲ್ಲಿ. ಒಬ್ಬಳಿಗೆ ಹಿಡಿಸಿದ ಗುಳಿಗೆಯು ನೆರೆಮನೆಯವಳಿಗೆ ಹಿಡಿಸದಿರುವುದಕ್ಕೆ ಇದೂ ಒಂದು ಕಾರಣವಾಗಿರಬಹುದು.

ಪರೀಕ್ಷೆಯ ಕ್ರಮ

“ನಾನು ತೆಗೆದುಕೊಂಡೆ, ನನಗೆ ಗುಣವಾಯಿತು” ಎಂದು ಒಬ್ಬಳು ಹೇಳಿದರೆ ಅವಳು ಸುಳ್ಳು ಹೇಳುತ್ತಿಲ್ಲ. ಆದರೆ ಗುಣವಾದುದು ಆ ಔಷಧದಿಂದಲೇ ಎಂದು ಹೇಳಲಾಗದು. ಕಾವೇರುವ ತೊಂದರೆಯು ತನ್ನಷ್ಟಕ್ಕೆ ಹೆಚ್ಚುಕಡಮೆಯಾಗುವ ಸ್ವಭಾವದ್ದು. ಅತಿಯಾದಾಗ ಔಷಧವನ್ನು ಹುಡುಕುವೆವು, ಆಮೇಲೆ ಅದು ತಾನಾಗಿಯೇ ತಗ್ಗಿದರೂ ಕೀರ್ತಿಯು ಔಷಧಕ್ಕೆ ಸಲ್ಲುವುದು. ಇದನ್ನು ಬೇರ್ಪಡಿಸುವುದಕ್ಕಾಗಿ ವಿಜ್ಞಾನಿಗಳು ಕೆಲವರಿಗೆ ನಿಜವಾದ ಔಷಧವನ್ನೂ ಕೆಲವರಿಗೆ ನೋಡಲು ಅದರಂತೆಯೇ ಇರುವ ಹುಸಿಗುಳಿಗೆಯನ್ನೂ ಕೊಟ್ಟು, ಯಾರಿಗೆ ಯಾವುದೆಂಬುದನ್ನು ಮುಚ್ಚಿಟ್ಟು, ಕೊನೆಯಲ್ಲಿ ಹೋಲಿಸುವರು. ಇಂಥ ಪರೀಕ್ಷೆಗಳಲ್ಲಿ ಹುಸಿಗುಳಿಗೆಯನ್ನು ನುಂಗಿದವರಲ್ಲಿಯೂ ತೊಂದರೆಯು ಮೂರನೆಯ ಒಂದು ಪಾಲು, ಕೆಲವೆಡೆ ಅದಕ್ಕಿಂತಲೂ ಹೆಚ್ಚಾಗಿ ಕಡಮೆಯಾಗುವುದು ಕಂಡಿದೆ. ಆದುದರಿಂದ ಹುಸಿಗುಳಿಗೆಯನ್ನು ಮೀರಿಸಿದ ಔಷಧವೇ ಔಷಧ.

ಪರೀಕ್ಷೆಗಳಿಂದ ತಿಳಿದುದೇನು?

ಸೋಯಾ ಮೊದಲಾದ ಸಸ್ಯಗಳ ಈಸ್ಟ್ರೋಜನ್ ಗುಣವನ್ನು ಕುರಿತ ೬೨ ಪರೀಕ್ಷೆಗಳನ್ನು, ಒಟ್ಟು ೬,೬೫೩ ಸ್ತ್ರೀಯರ ವಿವರವನ್ನು, ೨೦೧೬ರಲ್ಲಿ ಒಟ್ಟಿಗೆ ಪರಿಶೀಲಿಸಲಾಯಿತು. ಕಾವೇರುವಿಕೆಯೂ ಜನನಾಂಗದ ಒಣಗುವಿಕೆಯೂ ಸ್ವಲ್ಪಮಟ್ಟಿಗೆ ತಗ್ಗುವುವೆಂದೂ, ರಾತ್ರಿಯ ಬೆವರು ಮಾತ್ರ ತಗ್ಗದೆಂದೂ ಕಂಡುಬಂದಿತು. ಆ ಪರೀಕ್ಷೆಗಳಲ್ಲಿ ಹಲವು ನಂಬಲರ್ಹವಾದ ಕ್ರಮದಲ್ಲಿ ನಡೆದವಲ್ಲವೆಂಬುದನ್ನೂ ಪರಿಶೀಲಕರು ಬರೆದರು. ಸೋಯಾ ಅವರೆಯು ನಮ್ಮ ರಾಜ್ಯದಲ್ಲಿ ಬೀದರ, ಬೆಳಗಾವಿ, ಧಾರವಾಡದ ಕಡೆ ಬೆಳೆಯುವುದು. ಅದು ಒಳ್ಳೆಯ ಆಹಾರವೇ. ಕಾಳಾಗಿ ಬೇಯಿಸಿ ತಿಂದರೆ ಪುಷ್ಟಿಯಾದರೂ ಲಾಭ. ಆದರೆ ದೊಡ್ಡ ಪರಿಹಾರವನ್ನು ಅದರಿಂದ ನಿರೀಕ್ಷಿಸಬಾರದು.

ಅಗಸೆ ಬೀಜವನ್ನು ಉತ್ತರ ಕರ್ನಾಟಕದವರು ಚಟ್ನಿಪುಡಿ ಮಾಡಿ ರೊಟ್ಟಿಯೊಡನೆ ತಿನ್ನುವುದುಂಟು. ೨೦೧೨ರಲ್ಲಿ ಅಮೆರಿಕದಲ್ಲಿ ೧೮೮ ಸ್ತ್ರೀಯರಿಗೆ ಆರು ವಾರ ಅಗಸೆಯ ಬಿಲ್ಲೆಗಳನ್ನೂ ಅಗಸೆಯಿಲ್ಲದ ಬಿಲ್ಲೆಗಳನ್ನೂ ತಿನ್ನಿಸಿ ನೋಡಿದರು. ಎರಡು ಪಂಗಡಗಳಲ್ಲಿಯೂ ಸುಮಾರು ಮೂರನೆಯ ಒಂದು ಪಾಲು ಸ್ತ್ರೀಯರಿಗೆ ತೊಂದರೆಯು ಅರ್ಧಕ್ಕೆ ಇಳಿಯಿತು. ಅಂದರೆ ಅಗಸೆಯಿಂದ ಹೆಚ್ಚಿನ ಗುಣವೇನೂ ಕಾಣಲಿಲ್ಲ. ಚಟ್ನಿಪುಡಿಯನ್ನು ರುಚಿಗಾಗಿ ತಿನ್ನಲು ಅಡ್ಡಿಯಿಲ್ಲ.

ಬ್ಲ್ಯಾಕ್ ಕೋಹಾಷ್ ಎಂಬುದು ಉತ್ತರ ಅಮೆರಿಕದ ಕಾಡಿನ ಬೇರು. ಇದರ ಗುಳಿಗೆಗಳು ಇಂದು ಜಗತ್ತಿನಲ್ಲೆಲ್ಲ ಮಾರಾಟವಾಗುವುವು. ೨೦೦೬ರಲ್ಲಿ ಪ್ರಕಟವಾದ ಒಂದು ವರ್ಷದ ಪರೀಕ್ಷೆಯಲ್ಲಿ ೩೫೧ ಸ್ತ್ರೀಯರಿಗೆ ಈ ಬೇರನ್ನೂ, ಹಲವು ಮೂಲಿಕೆಗಳ ಮಿಶ್ರಣವನ್ನೂ, ಮಿಶ್ರಣದೊಡನೆ ಸೋಯಾ ಆಹಾರವನ್ನೂ, ಹಾರ್ಮೋನನ್ನೂ, ಹುಸಿಗುಳಿಗೆಯನ್ನೂ ಬೇರೆ ಬೇರೆಯಾಗಿ ಕೊಟ್ಟರು. ಹಾರ್ಮೋನೊಂದೇ ಹುಸಿಗುಳಿಗೆಯನ್ನು ಸ್ಪಷ್ಟವಾಗಿ ಮೀರಿಸಿತು. ೨೦೧೨ರಲ್ಲಿ ೧೬ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಈ ಬೇರಿನ ಪರವಾಗಿ ತಕ್ಕಷ್ಟು ಆಧಾರವು ದೊರೆಯಲಿಲ್ಲ. ಇದನ್ನು ಸೇವಿಸಿದ ಕೆಲವರಿಗೆ ಪಿತ್ತಜನಕಾಂಗವು ಕೆಟ್ಟುದರಿಂದ ೨೦೦೬ರಲ್ಲಿ ಬ್ರಿಟನ್ನಿನಲ್ಲಿಯೂ ಆಸ್ಟ್ರೇಲಿಯದಲ್ಲಿಯೂ ಎಚ್ಚರಿಕೆಯ ಮಾತನ್ನು ಚೀಟಿಯ ಮೇಲೆ ಅಚ್ಚು ಹಾಕಿಸುವ ಏರ್ಪಾಡಾಯಿತು.

ಇನ್ನು ನಮ್ಮ ನಾಡಿನ ಮೂಲಿಕೆಗಳು. ಶತಾವರಿಗೆ ಕನ್ನಡದಲ್ಲಿ ಹಲವು ಮಕ್ಕಳ ತಾಯಿ ಬೇರು, ಆಷಾಢಿ ಬೇರು ಎಂಬ ಹೆಸರುಗಳುಂಟು. ಒಂದೇ ಬುಡದಿಂದ ಗೆಡ್ಡೆಯಂಥ ಹಲವು ಬೇರುಗಳು ಗೊಂಚಲಾಗಿ ಇಳಿದಿರುವುವು. ಆಯುರ್ವೇದದಲ್ಲಿ ಸ್ತ್ರೀಯರ ಪುಷ್ಟಿಗೆ ಇದಕ್ಕೆ ಬಹುಕಾಲದ ಮರ್ಯಾದೆಯಿದೆ. ಅಶ್ವಗಂಧವನ್ನು ಹಿರೇಮದ್ದೆಂದು ಕರೆಯುವರು. ಇವೆರಡರಿಂದಲೂ ಕಾವೇರುವಿಕೆ, ಬೇಸರಗಳು ತಗ್ಗಿದುವೆಂದು ಹೇಳುವ ಕೆಲವು ಪರೀಕ್ಷೆಗಳು ಈಚಿನ ವರ್ಷಗಳಲ್ಲಿ ಭಾರತದಲ್ಲಿಯೇ ನಡೆದಿವೆ. ಆದರೆ ಅವು ಚಿಕ್ಕವು. ೨೦೨೧ರಲ್ಲಿ ಪ್ರಕಟವಾದ ಅಶ್ವಗಂಧದ ಪರೀಕ್ಷೆಯು ನಡೆದುದು ಎಂಟೇ ವಾರ. ಏಳು ವರ್ಷ ಇರಬಹುದಾದ ತೊಂದರೆಗೆ ಎಂಟು ವಾರದ ಸಾಕ್ಷ್ಯವು ಸಾಲದು. ಅಶ್ವಗಂಧವು ಥೈರಾಯಿಡ್ ಹಾರ್ಮೋನನ್ನು ಹೆಚ್ಚಿಸಬಲ್ಲುದು, ಕೆಲವರಲ್ಲಿ ಪಿತ್ತಜನಕಾಂಗಕ್ಕೆ ಅಪಾಯವನ್ನೂ ಮಾಡಿದೆ. ೨೦೨೩ರಲ್ಲಿ ಡೆನ್ಮಾರ್ಕ್ ದೇಶವು ಅದನ್ನು ನಿಷೇಧಿಸಿತು.

ಅಶೋಕದ ತೊಗಟೆಯ ಮಾತು ಬೇರೆ. ಅದನ್ನು ನಮ್ಮ ವೈದ್ಯರು ಬಳಸುತ್ತ ಬಂದಿರುವುದು ಅತಿಯಾದ ರಕ್ತಸ್ರಾವಕ್ಕೇ ಹೊರತು ಕಾವೇರುವಿಕೆಗಲ್ಲ. ನಿಜವಾದ ಅಶೋಕವು ಪಶ್ಚಿಮ ಘಟ್ಟದ ಕಾಡಿನ ಮರ. ಕಾಂಡದ ಮೇಲೂ ಹಳೆಯ ಕೊಂಬೆಗಳ ಮೇಲೂ ಕೆಂಪು ಕಿತ್ತಳೆ ಬಣ್ಣದ ಹೂಗೊಂಚಲು ಬಿಡುವುದು. ತೊಗಟೆಗಾಗಿ ಕಡಿದು ಕಡಿದು ಈಗ ಅದು ಅಪರೂಪವಾಗಿದೆ. ಊರಿನ ಬೀದಿಗಳಲ್ಲಿ ಕಂಬದಂತೆ ನೆಟ್ಟಗೆ ಬೆಳೆಸುವ ಇನ್ನೊಂದು ಮರವನ್ನೂ ಜನರು ಅಶೋಕವೆಂದೇ ಕರೆಯುವರು. ಅದರ ತೊಗಟೆಯು ನಿಜವಾದ ಅಶೋಕದ ಹೆಸರಿನಲ್ಲಿ ಮಾರಾಟವಾಗುವುದು ದಕ್ಷಿಣ ಭಾರತದ ಅಂಗಡಿಗಳ ಮಾದರಿಗಳನ್ನು ಪರೀಕ್ಷಿಸಿದಾಗ ಗೊತ್ತಾಗಿದೆ.

ಸಸ್ಯಜನ್ಯವಾದುದೆಲ್ಲ ಸೌಮ್ಯವೆ?

ಇದಕ್ಕೆ ಉತ್ತರವನ್ನು ದೂರದೇಶದಲ್ಲಿ ಹುಡುಕಬೇಕಾಗಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ೧೯೨೩ರಲ್ಲಿ ಕೆಲಸವನ್ನು ಆರಂಭಿಸಿದಾಗ ಕುಲುಮೆಗೆ ಬೇಕಾದ ಇದ್ದಿಲಿಗಾಗಿ ಮಲೆನಾಡಿನ ಕಟ್ಟಿಗೆಯನ್ನು ಮುಚ್ಚಿದ ಪಾತ್ರೆಗಳಲ್ಲಿ ಸುಟ್ಟು ಬಟ್ಟಿಯಿಳಿಸುತ್ತಿದ್ದರು. ಆ ಒಂದೇ ಕಟ್ಟಿಗೆಯಿಂದ ಇದ್ದಿಲೂ, ಡಾಂಬರೂ, ಮೀಥೈಲ್ ಮದ್ಯಸಾರವೂ ಬರುತ್ತಿದ್ದುವು. ಮೀಥೈಲ್ ಮದ್ಯಸಾರವನ್ನು ಸ್ವಲ್ಪ ಕುಡಿದರೂ ಕಣ್ಣು ಹೋಗುವುದು. ಅದೂ ಅಪ್ಪಟ ಸಸ್ಯಜನ್ಯವೇ. ವಸ್ತುವು ಎಲ್ಲಿಂದ ಬಂದಿತೆಂಬುದರಿಂದ ಅದರ ಗುಣವನ್ನು ನಿರ್ಣಯಿಸಲಾಗದು; ಅದನ್ನು ಹೇಗೆ ತಯಾರಿಸಿದರು, ಎಷ್ಟು ಕೊಟ್ಟರು, ಯಾರಿಗೆ ಕೊಟ್ಟರು ಎಂಬುದೇ ಮುಖ್ಯ.

ತಯಾರಿಕೆಯ ಮಾತಿಗೆ ಇನ್ನೊಂದು ಉದಾಹರಣೆ. ೧೯೪೦ರ ದಶಕದಲ್ಲಿ ರಸೆಲ್ ಮಾರ್ಕರ್ ಎಂಬ ರಸಾಯನಶಾಸ್ತ್ರಜ್ಞರು ಮೆಕ್ಸಿಕೋ ದೇಶದ ಕಾಡುಗೆಣಸಿನಲ್ಲಿರುವ ಡಯೋಸ್ಜೆನಿನ್ ಎಂಬ ವಸ್ತುವಿನಿಂದ ಸ್ತ್ರೀ ಹಾರ್ಮೋನಾದ ಪ್ರೊಜೆಸ್ಟರೋನನ್ನು ಮಾಡಿದರು. ಇದನ್ನು ಹಿಡಿದುಕೊಂಡು, ಕಾಡುಗೆಣಸಿನ ಮುಲಾಮಿನಿಂದಲೂ, ಅದೇ ವಸ್ತುವಿರುವ ಮೆಂತ್ಯದಿಂದಲೂ ಹಾರ್ಮೋನು ದೊರೆಯುವುದೆಂದು ಹೇಳುವವರುಂಟು. ಆದರೆ ಆ ಮಾರ್ಪಾಟು ನಡೆದುದು ಪ್ರಯೋಗಶಾಲೆಯ ಪಾತ್ರೆಗಳಲ್ಲಿ. ಮನುಷ್ಯರ ಶರೀರಕ್ಕೆ ಆ ಶಕ್ತಿಯಿಲ್ಲ.

ಇತರ ಅಪಾಯಗಳೂ ಉಂಟು. ಅತಿಮಧುರವನ್ನು ಬಹುದಿನ ತೆಗೆದುಕೊಂಡರೆ ರಕ್ತದ ಒತ್ತಡವು ಏರಿ, ಪೊಟ್ಯಾಸಿಯಂ ಇಳಿಯುವುದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರಿಗೆ ಕೆಲವು ಮೂಲಿಕೆಗಳಿಂದ ರಕ್ತಸ್ರಾವವಾಗಬಹುದು. ಸ್ತನದ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರು ಈಸ್ಟ್ರೋಜನ್ ಗುಣವುಳ್ಳ ಗುಳಿಗೆಗಳನ್ನು ತಮ್ಮ ವೈದ್ಯರನ್ನು ಕೇಳದೆ ಮುಟ್ಟಕೂಡದು. ಅಮೆರಿಕದ ಬಾಸ್ಟನ್ ಪ್ರಾಂತದ ಅಂಗಡಿಗಳಲ್ಲಿ ಕೊಂಡ ೭೦ ಆಯುರ್ವೇದ ಪದಾರ್ಥಗಳಲ್ಲಿ ೧೪ರಲ್ಲಿ ಸೀಸ, ಪಾದರಸ ಅಥವಾ ಪಾಷಾಣವಿದ್ದುದು ೨೦೦೪ರಲ್ಲಿ ಪ್ರಕಟವಾಯಿತು. ಇದು ಆಯುರ್ವೇದವನ್ನು ಹಳಿಯುವ ಮಾತಲ್ಲ. ಕಣ್ಣುಮುಚ್ಚಿ ಕೊಳ್ಳುವುದನ್ನು ತಡೆಯುವ ಮಾತು.

ಹಾಗಾದರೆ ಪರಿಹಾರವಿಲ್ಲವೆ?

ಇದೆ. ಕಾವೇರುವ ತೊಂದರೆಗೆ ಎಲ್ಲಕ್ಕಿಂತ ಬಲವಾದ ಔಷಧವು ಈಸ್ಟ್ರೋಜನ್ನೇ. ಹುಸಿಗುಳಿಗೆಗೆ ಹೋಲಿಸಿದರೆ ಅದು ಸಲಗಳ ಸಂಖ್ಯೆಯನ್ನು ನೂರಕ್ಕೆ ಸುಮಾರು ೭೫ರಷ್ಟು ಇಳಿಸುವುದು. ಗರ್ಭಕೋಶವಿರುವವರಿಗೆ ಅದರೊಡನೆ ಪ್ರೊಜೆಸ್ಟರೋನ್ ಕುಲದ ಔಷಧವನ್ನೂ ಕೊಡಬೇಕು. ೨೦೦೨ರಲ್ಲಿ ಅಮೆರಿಕದ ಒಂದು ದೊಡ್ಡ ಪರೀಕ್ಷೆಯಲ್ಲಿ ಸ್ತನದ ಕ್ಯಾನ್ಸರ್ ಹೆಚ್ಚಿತೆಂಬ ಸುದ್ದಿ ಹರಡಿ, ಲಕ್ಷಾಂತರ ಸ್ತ್ರೀಯರು ಹಾರ್ಮೋನನ್ನು ಬಿಟ್ಟರು. ಮೂಲಿಕೆಯ ಗುಳಿಗೆಗಳ ಕಡೆಗೆ ಜನರು ತಿರುಗಿದುದಕ್ಕೆ ಇದೂ ಒಂದು ಕಾರಣ. ಆ ಹೆಚ್ಚಳವು ವರ್ಷಕ್ಕೆ ೧೦,೦೦೦ ಸ್ತ್ರೀಯರಲ್ಲಿ ೮ ಮಂದಿ; ಪರೀಕ್ಷೆಗೆ ಸೇರಿದವರ ಸರಾಸರಿ ವಯಸ್ಸು ೬೩. ಅರವತ್ತರ ಒಳಗಿನ, ಋತುಬಂಧವಾಗಿ ಹತ್ತು ವರ್ಷ ಮೀರದ, ಬೇರೆ ಅಡ್ಡಿಯಿಲ್ಲದ ಸ್ತ್ರೀಯರಲ್ಲಿ ಸಾಮಾನ್ಯವಾಗಿ ಅಪಾಯಕ್ಕಿಂತ ಪ್ರಯೋಜನವೇ ಹೆಚ್ಚೆಂದು ಈಗ ವೈದ್ಯರ ಅಭಿಪ್ರಾಯ. ಸ್ತನದ ಕ್ಯಾನ್ಸರ್, ಪಾರ್ಶ್ವವಾಯು, ಹೃದ್ರೋಗ, ರಕ್ತ ಹೆಪ್ಪುಗಟ್ಟುವ ರೋಗ ಇವು ಇದ್ದವರಿಗೆ ಇದು ಸಲ್ಲದು. ಅಂಥವರಿಗೆ ಹಾರ್ಮೋನಲ್ಲದ ಬೇರೆ ಔಷಧಗಳಿವೆ. ಮನಸ್ಸನ್ನು ತರಬೇತು ಮಾಡುವ ಚಿಕಿತ್ಸೆಯಿಂದಲೂ, ಸ್ಥೂಲದೇಹದವರು ತೂಕವನ್ನು ಇಳಿಸುವುದರಿಂದಲೂ ಗುಣ ಕಂಡಿದೆ. ಒಣಗುವಿಕೆಗೆ ಮಾತ್ರವಾದರೆ ಮೇಲೆ ಹಚ್ಚುವ ಮುಲಾಮು ಸಾಕಾಗುವುದು. ಉತ್ತರ ಅಮೆರಿಕದ ಋತುಬಂಧ ವೈದ್ಯರ ಸಂಘವು ೨೦೨೩ರಲ್ಲಿ ಹಾರ್ಮೋನಲ್ಲದ ಚಿಕಿತ್ಸೆಗಳನ್ನು ತೂಗಿ ನೋಡಿ, ಸೋಯಾ, ಬ್ಲ್ಯಾಕ್ ಕೋಹಾಷ್ ಮೊದಲಾದ ಸಸ್ಯದ ಗುಳಿಗೆಗಳನ್ನು ಕಾವೇರುವಿಕೆಗೆ ಸಲಹೆ ಮಾಡಲಾಗದೆಂದಿತು.

ಶಸ್ತ್ರಚಿಕಿತ್ಸೆಯಲ್ಲಿ ಗರ್ಭಕೋಶದೊಡನೆ ಅಂಡಾಶಯಗಳನ್ನೂ ಚಿಕ್ಕ ವಯಸ್ಸಿನಲ್ಲಿಯೇ ತೆಗೆಸಿಕೊಂಡವರೂ, ೪೫ಕ್ಕೆ ಮೊದಲೇ ಮುಟ್ಟು ನಿಂತವರೂ ಮೂಲಿಕೆಯನ್ನು ನಂಬಿ ಕುಳಿತಿರಬಾರದು. ಅವರ ಮೂಳೆಗೂ ಹೃದಯಕ್ಕೂ ಹೆಚ್ಚಿನ ರಕ್ಷಣೆ ಬೇಕಾಗಿರುವುದರಿಂದ ವೈದ್ಯರನ್ನು ಅವಶ್ಯವಾಗಿ ಕಾಣತಕ್ಕದ್ದು.

ಮನೆಯಲ್ಲಿ ಮಾಡಿಕೊಳ್ಳಬಹುದಾದುದೂ ಉಂಟು. ತೆಳುವಾದ ಹತ್ತಿಯ ಬಟ್ಟೆ, ಗಾಳಿಯಾಡುವ ಕೋಣೆ, ದಿನವೂ ನಡೆಯುವ ಅಭ್ಯಾಸ ಇವು ಖರ್ಚಿಲ್ಲದ ಉಪಾಯಗಳು. ಅಡಿಕೆಯು ನಮ್ಮ ಜಿಲ್ಲೆಯ ಮುಖ್ಯ ಬೆಳೆ. ಊಟವಾದ ಮೇಲೆ ಎಲೆಯಡಿಕೆ ಹಾಕಿಕೊಳ್ಳುವ ಗೃಹಿಣಿಯರು ಅನೇಕರು. ಅಡಿಕೆಯನ್ನು ಅಗಿದರೆ ಮೈ ಬಿಸಿಯೇರಿ ಬೆವರುವುದನ್ನು ಅಭ್ಯಾಸವಿಲ್ಲದವರು ಬಲ್ಲರು. ಕ್ಯಾನ್ಸರಿಗೂ ಅದು ಕಾರಣವೆಂದು ಜಾಗತಿಕ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ನಿರ್ಣಯಿಸಿದೆ. ಈ ವಯಸ್ಸಿನಲ್ಲಿ ಅದನ್ನು ಬಿಡುವುದು ಎರಡು ಬಗೆಯಲ್ಲಿ ಲಾಭ. ಮೂಳೆಗಾಗಿ ದಿನಕ್ಕೆ ೧,೨೦೦ ಮಿಲಿಗ್ರಾಂ ಸುಣ್ಣದಂಶ ಬೇಕೆಂದು ನಮ್ಮ ದೇಶದ ಪೌಷ್ಟಿಕ ಆಹಾರ ತಜ್ಞರು ೨೦೨೦ರಲ್ಲಿ ಗೊತ್ತುಮಾಡಿದರು. ೧೦೦ ಗ್ರಾಂ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಂ ಇರುವುದು. ರಾಗಿಯ ಮುದ್ದೆ, ಹಾಲು, ಮಜ್ಜಿಗೆ, ಸೊಪ್ಪುಗಳು ದುಬಾರಿ ಗುಳಿಗೆಗಿಂತ ಮೇಲು.

ಎಂದಿಗೂ ಕಾಯಬಾರದ ಲಕ್ಷಣಗಳು

ಈ ಲೇಖನದಲ್ಲಿ ಬೇರೆಲ್ಲವನ್ನು ಮರೆತರೂ ಇದೊಂದನ್ನು ಮರೆಯಬಾರದೆಂದು ಪ್ರಾರ್ಥಿಸುತ್ತೇವೆ. ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಒಂದು ತೊಟ್ಟು ರಕ್ತ ಕಂಡರೂ ಕೂಡಲೇ ವೈದ್ಯರ ಬಳಿಗೆ ಹೋಗಬೇಕು. ಹೀಗೆ ರಕ್ತ ಕಂಡವರಲ್ಲಿ ಸುಮಾರು ನೂರಕ್ಕೆ ೯ ಮಂದಿಗೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಇರುವುದು. ಉಳಿದವರಿಗೆ ಬೇರೆ ಸಾಮಾನ್ಯ ಕಾರಣಗಳು. ಆ ಕ್ಯಾನ್ಸರ್ ಬಂದವರಲ್ಲಿ ನೂರಕ್ಕೆ ಸುಮಾರು ೯೦ ಮಂದಿಗೆ ಮೊದಲು ಕಾಣುವ ಗುರುತು ಈ ರಕ್ತವೇ. ಬೇಗನೆ ಗೊತ್ತಾದರೆ ಬಹುಮಟ್ಟಿಗೆ ಗುಣವಾಗುವುದು. ಇಂಥ ಸಮಯದಲ್ಲಿ “ಉಷ್ಣವಾಗಿದೆ” ಎಂದು ತಿಂಗಳುಗಟ್ಟಲೆ ಅಶೋಕದ ಕಷಾಯ ಕುಡಿಯುತ್ತ ಕೂತರೆ, ಕಷಾಯವು ಮಾಡುವ ಕೇಡಿಗಿಂತ ಕಳೆದುಹೋದ ಕಾಲವು ಮಾಡುವ ಕೇಡೇ ಹೆಚ್ಚು. ಹಾಗೆಯೇ ರಾತ್ರಿ ಬೆವರಿನೊಡನೆ ತೂಕ ಇಳಿದರೆ, ಎರಡು ವಾರಕ್ಕೆ ಮೀರಿ ಕೆಮ್ಮಿದ್ದರೆ, ಅದು ಕ್ಷಯವಿರಬಹುದು. ಎದೆ ಡವಡವನೆ ಹೊಡೆದು ಕೈ ನಡುಗಿದರೆ ಥೈರಾಯಿಡ್ ಗ್ರಂಥಿಯ ದೋಷವಿರಬಹುದು. ಎಲ್ಲವನ್ನೂ ವಯಸ್ಸಿನ ತಲೆಗೆ ಕಟ್ಟಬಾರದು.

ಇಷ್ಟು ತಿಳಿದ ಮೇಲೂ ಮೂಲಿಕೆಯನ್ನು ತೆಗೆದುಕೊಳ್ಳಬೇಕೆನ್ನುವವರು ಕೆಲವು ನಿಯಮಗಳನ್ನು ಪಾಲಿಸಲಿ. ಚೀಟಿಯ ಮೇಲೆ ಔಷಧದ ಪರವಾನಗಿಯಾಗಲಿ, ಆಹಾರ ಇಲಾಖೆಯ ೧೪ ಅಂಕಿಗಳ ಪರವಾನಗಿಯಾಗಲಿ ಇದೆಯೇ ಎಂದು ನೋಡಿರಿ. ಆಹಾರದ ಪರವಾನಗಿಯಿರುವ ಗುಳಿಗೆಯು ರೋಗಚಿಕಿತ್ಸೆಗೆ ಅನುಮತಿ ಪಡೆದದ್ದಲ್ಲ. ಮುಟ್ಟಿನ ದೋಷವನ್ನು ಸರಿಪಡಿಸುವೆವೆಂದು ಔಷಧಕ್ಕೆ ಜಾಹೀರಾತು ಕೊಡುವುದನ್ನು ೧೯೫೪ರ ಕೇಂದ್ರ ಕಾನೂನು ನಿಷೇಧಿಸಿದೆ. ಅಂಥ ಜಾಹೀರಾತನ್ನು ಕಂಡರೆ ದೂರವಿರಿ. ಒಂದು ಸಲಕ್ಕೆ ಒಂದೇ ಮೂಲಿಕೆ. ತೆಗೆದುಕೊಳ್ಳುವ ಮೊದಲೂ ಆಮೇಲೂ ದಿನಕ್ಕೆ ಎಷ್ಟು ಸಲ ಕಾವೇರುವುದೆಂದು ಬರೆದಿಡಿರಿ. ಮೂರು ತಿಂಗಳಲ್ಲಿ ಗುಣ ಕಾಣದಿದ್ದರೆ ನಿಲ್ಲಿಸಿರಿ. ಕಣ್ಣು ಹಳದಿಯಾದರೆ, ಮೂತ್ರವು ಕಪ್ಪಾದರೆ, ಮೈ ತುರಿಸಿದರೆ ಆ ದಿನವೇ ನಿಲ್ಲಿಸಿ ವೈದ್ಯರನ್ನು ಕಾಣಿರಿ. ಯಾವ ವೈದ್ಯರ ಬಳಿಗೆ ಹೋದರೂ ಸೇವಿಸುತ್ತಿರುವ ಎಲ್ಲ ಔಷಧಗಳ ಹೆಸರನ್ನೂ ಮರೆಮಾಚದೆ ಹೇಳಿರಿ.

ಶಿವಮೊಗ್ಗೆಯಲ್ಲಿ ಮೆಗ್ಗಾನ್ ಆಸ್ಪತ್ರೆಯುಂಟು. ಅಲ್ಲಿ ಸ್ತ್ರೀರೋಗ ವಿಭಾಗವಿದೆ. ಭದ್ರಾವತಿಯಿಂದ ಅಲ್ಲಿಗೆ ಬಸ್ಸಿನಲ್ಲಿ ಹೋಗಿ ಅಂದೇ ಹಿಂತಿರುಗಬಹುದು. ದೂರವು ಅಡ್ಡಿಯಲ್ಲ, ಸಂಕೋಚವೇ ಅಡ್ಡಿ. ತಮ್ಮ ತಾಯಿಯು ರಾತ್ರಿ ನಿದ್ರೆಯಿಲ್ಲದೆ ಎದ್ದು ಕೂರುವುದನ್ನು ಕಂಡ ಮಗಳು, “ಅಮ್ಮಾ, ಎಷ್ಟು ದಿನದಿಂದ ಹೀಗಾಗುತ್ತಿದೆ?” ಎಂದು ಕೇಳಲಿ, ಮನೆಯ ಯಜಮಾನರು ಇದನ್ನು ಹೆಂಗಸರ ಕೋಪವೆಂದು ತಳ್ಳಿಹಾಕದಿರಲಿ. ವಿದ್ಯೆಯನ್ನು ಕಲಿತ ನಮ್ಮ ಹಳೆಯ ವಿದ್ಯಾರ್ಥಿನಿಯರು ಚೀಟಿಯ ಮೇಲಿನ ಮಾತನ್ನು ಓದಿ, ತೂಗಿ, ತಮ್ಮ ನೆರೆಹೊರೆಯವರಿಗೂ ತಿಳಿಯಹೇಳುವರೆಂದು ಆಶಿಸುತ್ತೇವೆ.